ಗಂಡ ಅಮೆರಿಕದ ಪ್ರಜೆ, ಸಂಸಾರ ಮೈಸೂರಿನಲ್ಲಿ: ಹೆಂಡತಿಯ ವೀಸಾ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಪ್ರಶ್ನೆ: ನಾನು ಮೈಸೂರಿನವನು. 2006 ರಲ್ಲಿ ಎಂಎಸ್ ಓದಲು ಅಮೆರಿಕಕ್ಕೆ ಹೋದೆ, 2018 ರಲ್ಲಿ ಅಲ್ಲಿನ ಪ್ರಜೆಯಾದೆ. ಅಪ್ಪನಿಗೆ ಹುಷಾರಿಲ್ಲವೆಂದು 2021 ರಲ್ಲಿ ವಾಪಸ್ ಬಂದವನು ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಇಲ್ಲಿರಲು ಕೊಡುವ ಕಾರ್ಡ್) ಮೇಲೆ ಇಲ್ಲೇ ಇದ್ದೇನೆ. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತೇನೆ. ಕಳೆದ ವರ್ಷ ಮದುವೆಯಾಯಿತು. ಹೆಂಡತಿ ಸಾಗರದ ಕಡೆಯವಳು, ಮದುವೆಗೆ ಮೊದಲು ಎರಡು ವರ್ಷ ದುಬೈನಲ್ಲಿ ಕೆಲಸದಲ್ಲಿದ್ದಳು. ನಮಗೆ ಮೂರು ತಿಂಗಳ ಮಗಳಿದ್ದಾಳೆ. ಮೂವರೂ ಅಮೆರಿಕಕ್ಕೆ ಹೋಗೋಣ ಎಂದುಕೊಂಡಿದ್ದೇವೆ. ಅರ್ಜಿ ಹಾಕಲು ನಾನು ಮೊದಲು ಅಲ್ಲಿಗೆ ಹೋಗಲೇಬೇಕಾ? ನ್ಯೂಜೆರ್ಸಿಯಲ್ಲಿ ಅಣ್ಣ ಇದ್ದಾನೆ, ಅವನೂ ಅಲ್ಲಿನ ಪ್ರಜೆ, ಸ್ಪಾನ್ಸರ್ ಸೈನ್ ಹಾಕುತ್ತಾನೆ. ಅಷ್ಟು ಸಾಕಾ? ಹೆಂಡತಿಯನ್ನು ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲೇ ಬದಲಾಯಿಸಿಕೊಳ್ಳಬಹುದು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನಿಜವೇ? ಇನ್ನೊಂದು ವಿಷಯ: ಇಲ್ಲಿ ಟ್ಯಾಕ್ಸ್ ಕಟ್ಟುತ್ತಿರುವುದರಿಂದ 2021 ರ ನಂತರ ಅಮೆರಿಕದ ರಿಟರ್ನ್ ಫೈಲ್ ಮಾಡಿಲ್ಲ.

ಉತ್ತರ: ಅರ್ಜಿ ಹಾಕಲು ನೀವು ಎಲ್ಲಿಗೂ ಹೋಗಬೇಕಿಲ್ಲ. ಅಣ್ಣನ ಸೈನ್ ಒಂದೇ ಸಾಲುವುದಿಲ್ಲ. ಟೂರಿಸ್ಟ್ ವೀಸಾದ ಸಲಹೆ ಕೊಟ್ಟ ಸ್ನೇಹಿತರ ಜೊತೆ ಕಾಫಿ ಕುಡಿಯಿರಿ, ಸಲಹೆ ಮಾತ್ರ ಬಿಟ್ಟುಬಿಡಿ. ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಟ್ಯಾಕ್ಸ್ ವಿಷಯವೇ ನಿಮ್ಮ ಕೇಸಿನಲ್ಲಿ ಮೊದಲು ಕೈಹಾಕಬೇಕಾದ ಕೆಲಸ.

ಯಾಕೆ ಅಂತ ಹೇಳುತ್ತೇನೆ. ನಿಮ್ಮಂಥ ದಂಪತಿ ಬಂದಾಗ ಮದುವೆ ಆಲ್ಬಮ್, ಲಗ್ನಪತ್ರಿಕೆ, ವಾಟ್ಸ್ಆ್ಯಪ್ ಮಾತುಕತೆಯ ಪ್ರಿಂಟ್ ಎಲ್ಲವನ್ನೂ ಹೊತ್ತು ತರುತ್ತಾರೆ. ಮದುವೆ ನಿಜ ಎಂದು ತೋರಿಸುವುದೇ ದೊಡ್ಡ ಕೆಲಸ ಎಂಬ ಭಾವನೆ. ಒಂದೇ ಮನೆಯಲ್ಲಿದ್ದು ಮಗುವೂ ಇರುವ ದಂಪತಿಯ ಮದುವೆಯನ್ನು ಅಧಿಕಾರಿಗಳು ಅನುಮಾನಿಸುವುದು ಕಡಿಮೆ. ಕೇಸ್ ನಿಲ್ಲುವುದು ಹೆಂಡತಿಯ ಕಡೆಯಿಂದ ಅಲ್ಲ, ಗಂಡನ ಕಡೆಯಿಂದ. ಅಮೆರಿಕದ ಪ್ರಜೆ ಎಂದು ಪಾಸ್‌ಪೋರ್ಟ್ ಇದೆ, ಆದರೆ ಅಮೆರಿಕದಲ್ಲಿ ಬದುಕು ಎಲ್ಲಿದೆ ಎಂದು ಅವರು ಕೇಳುತ್ತಾರೆ.

ಮೊದಲು ದಾರಿಯನ್ನು ಹೇಳಿಬಿಡುತ್ತೇನೆ, ಇದು ಸುಲಭದ ಭಾಗ. ನೀವು ಹಾಕುವುದು ಐ-130 ಅರ್ಜಿ, ಅದರ ಜೊತೆ ನಿಮ್ಮ ಹೆಂಡತಿಯ ವಿವರಗಳ ಐ-130ಎ. ಮೈಸೂರಿನಲ್ಲಿ ಕುಳಿತೇ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲಿ ಖಾತೆ ತೆರೆದು, ಮೈಸೂರಿನ ವಿಳಾಸವನ್ನೇ ಕೊಟ್ಟು ಹಾಕಬಹುದು. 2025 ರ ದರದಂತೆ ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675. ಅದು ಮಂಜೂರಾದ ಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅದನ್ನು ಎಲ್ಲರೂ ಎನ್‌ವಿಸಿ ಎನ್ನುತ್ತಾರೆ. ಅಲ್ಲಿ ವೀಸಾ ಶುಲ್ಕ 325 ಡಾಲರ್, ಸ್ಪಾನ್ಸರ್ ಕಾಗದ ಪರಿಶೀಲನೆಗೆ 120 ಡಾಲರ್. ನಿಮ್ಮ ಹೆಂಡತಿ ವಲಸೆ ವೀಸಾದ ಡಿಎಸ್-260 ಫಾರಂ ತುಂಬುತ್ತಾರೆ, ನೀವು ಐ-864 ಎಂಬ ಸ್ಪಾನ್ಸರ್ ಒಪ್ಪಂದ ತುಂಬುತ್ತೀರಿ. ದಾಖಲೆ ಎಲ್ಲ ಸರಿ ಎಂದಾದರೆ ಮುಂಬೈ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ. ಅಮೆರಿಕದ ಪ್ರಜೆಯ ಹೆಂಡತಿಗೆ ವಾರ್ಷಿಕ ಮಿತಿ, ಸರದಿ ಏನೂ ಇಲ್ಲ. ಆದರೂ ಐ-130 ಒಂದಕ್ಕೇ ವರ್ಷ ಹಿಡಿಯಬಹುದು. ಎಲ್ಲ ಸೇರಿ ಒಂದೂವರೆಯಿಂದ ಎರಡು ವರ್ಷ ಕೈಯಲ್ಲಿಟ್ಟುಕೊಳ್ಳಿ.

2020 ರ ಫೆಬ್ರವರಿಗೆ ಮೊದಲು ದೆಹಲಿಯ ಯುಎಸ್‌ಸಿಐಎಸ್ ಕಚೇರಿಯಲ್ಲೇ ಅರ್ಜಿ ಕೊಟ್ಟು ಬೇಗ ಮುಗಿಸಿಕೊಂಡವರ ಕಥೆ ನಿಮ್ಮ ಕಿವಿಗೆ ಬಿದ್ದಿರಬಹುದು. ಆ ದಾರಿ ಈಗಿಲ್ಲ. ತುರ್ತು ಇದ್ದರೆ ಕಾನ್ಸುಲೇಟ್ ತಾನೇ ಅರ್ಜಿ ತೆಗೆದುಕೊಳ್ಳಲು ನಿಯಮದಲ್ಲಿ ಒಂದು ಕಿಂಡಿ ಇದೆ. ಉದಾಹರಣೆಗೆ, ಅಮೆರಿಕದಲ್ಲಿ ಕೆಲಸ ಸಿಕ್ಕಿ, ಹೊರಡಲು ತೀರಾ ಕಡಿಮೆ ಸಮಯ ಕೊಟ್ಟರೆ ಕೇಳಿ ನೋಡಬಹುದು. ಕೊಡುವುದು ಬಿಡುವುದು ಅವರ ಇಷ್ಟ. ಅದನ್ನು ನಂಬಿಕೊಂಡು ಆನ್‌ಲೈನ್ ಅರ್ಜಿಯನ್ನು ಮುಂದೂಡಬೇಡಿ.

ಈಗ ಕಷ್ಟದ ಭಾಗ. ಐ-864 ರಲ್ಲಿ ಸೈನ್ ಹಾಕುವವರಿಗೆ ಅಮೆರಿಕದಲ್ಲಿ ಡೊಮಿಸೈಲ್ ಇರಬೇಕು. ಎಂದರೆ, ಖಾಯಂ ನೆಲೆ ಅಲ್ಲಿರಬೇಕು. ಹೊರದೇಶದಲ್ಲಿ ಇದ್ದರೂ ಡೊಮಿಸೈಲ್ ಉಳಿಯುವ ಕೆಲವರಿದ್ದಾರೆ: ಅಮೆರಿಕ ಸರ್ಕಾರದ ನೌಕರರು, ಅಮೆರಿಕದ ಕಂಪನಿ ಹೊರದೇಶಕ್ಕೆ ಕಳಿಸಿದವರು, ಹೀಗೆ. ನೀವು ಆ ಪಟ್ಟಿಯಲ್ಲಿಲ್ಲ. ನಿಮಗೆ ಉಳಿದಿರುವುದು ಒಂದೇ ದಾರಿ. ಹೆಂಡತಿ ಅಮೆರಿಕಕ್ಕೆ ಕಾಲಿಡುವ ದಿನದೊಳಗೆ ನಾನು ಅಲ್ಲಿ ಮತ್ತೆ ನೆಲೆಯೂರುತ್ತೇನೆ ಎಂದು ತೋರಿಸುವುದು. ಜೊತೆಯಲ್ಲೇ ವಿಮಾನ ಇಳಿದರೂ ನಡೆಯುತ್ತದೆ. ಅವಳನ್ನು ಕಳಿಸಿ ಆರು ತಿಂಗಳು ಬಿಟ್ಟು ನೀವು ಹೋಗುವುದು ನಡೆಯುವುದಿಲ್ಲ.

ಇಲ್ಲೇ ಅಣ್ಣನ ವಿಷಯ ಬರುವುದು. ಅಣ್ಣ ಸೈನ್ ಹಾಕಿದರೆ ದುಡ್ಡಿನ ಕೊರತೆ ತುಂಬುತ್ತದೆ. ನಿಮ್ಮ ಡೊಮಿಸೈಲ್ ಕೊರತೆಯನ್ನು ಅವರು ತುಂಬಲಾರರು. ಜಂಟಿ ಸ್ಪಾನ್ಸರ್ ಎಷ್ಟೇ ಸಂಬಳದವರಿರಲಿ, ಅರ್ಜಿ ಹಾಕಿದ ನೀವೂ ನಿಮ್ಮದೇ ಒಂದು ಐ-864 ಕೊಡಲೇಬೇಕು, ಅದರಲ್ಲಿ ಡೊಮಿಸೈಲ್ ಪ್ರಶ್ನೆಗೆ ಉತ್ತರಿಸಲೇಬೇಕು. ಇದನ್ನು ಗೊತ್ತಿಲ್ಲದೆ ಮುಂಬೈವರೆಗೆ ಹೋಗಿ, 221(ಜಿ) ಚೀಟಿ ಹಿಡಿದು ವಾಪಸ್ ಬರುವವರು ಜಾಸ್ತಿ. ಆ ಚೀಟಿ ಎಂದರೆ ಪೂರ್ತಿ ಮುಚ್ಚಿದ ಬಾಗಿಲಲ್ಲ. ಕೇಳಿದ ಕಾಗದ ಒಂದು ವರ್ಷದೊಳಗೆ ಕೊಟ್ಟರೆ ಫೈಲು ಮತ್ತೆ ತೆರೆಯುತ್ತದೆ. ಆದರೆ ಅಷ್ಟರಲ್ಲಿ ಮನೆ ಖಾಲಿ ಮಾಡಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಕೂತಿದ್ದರೆ ಪಜೀತಿ ಅಲ್ವಾ?

ಡೊಮಿಸೈಲ್‌ಗೆ ಇಂಥದ್ದೇ ಒಂದು ಸರ್ಟಿಫಿಕೇಟ್ ಎಂದು ಇಲ್ಲ. ಸಣ್ಣ ಸಣ್ಣ ಕಾಗದಗಳು ಒಟ್ಟಾಗಿ ಒಂದೇ ಮಾತು ಹೇಳಬೇಕು. ಒಳ್ಳೆಯ ಫೈಲು ಹೇಗಿರುತ್ತದೆ ಎಂದು ಹೇಳುತ್ತೇನೆ. ಮೇಲೆ ಒಂದು ಪುಟದ ಪತ್ರ. ಯಾಕೆ ಭಾರತಕ್ಕೆ ಬಂದೆ, ಯಾಕೆ ಈಗ ವಾಪಸ್ ಹೋಗುತ್ತಿದ್ದೇನೆ, ಯಾವ ತಿಂಗಳು, ಯಾವ ಊರಿಗೆ, ಮೊದಲು ಯಾರ ಮನೆಯಲ್ಲಿ ಇರುತ್ತೇವೆ. ಅಪ್ಪನ ಕಾಯಿಲೆಗೆ ಬಂದೆ ಎನ್ನುವುದು ನಿಮ್ಮ ಪರವಾದ ಮಾತು, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇದ್ದರೆ ಜೊತೆಗಿಡಿ. ಅದರ ಕೆಳಗೆ ನಿಲ್ಲಿಸದೆ ಉಳಿಸಿಕೊಂಡ ಅಮೆರಿಕದ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಅಲ್ಲಿನ ಡ್ರೈವಿಂಗ್ ಲೈಸೆನ್ಸ್, ಕ್ರೆಡಿಟ್ ಕಾರ್ಡ್, ಹೊರದೇಶದಿಂದ ಮತ ಹಾಕಲು ಹೆಸರು ನೋಂದಾಯಿಸಿದ ದಾಖಲೆ. ಅಣ್ಣನ ಪತ್ರ, ಜೊತೆಗೆ ಅವರ ಮನೆಯ ಬಾಡಿಗೆ ಕರಾರು ಅಥವಾ ಕ್ರಯದ ಕಾಗದ, ಅದೇ ವಿಳಾಸದ ಕರೆಂಟ್ ಬಿಲ್ಲು. ನೀವು ಕೆಲಸಕ್ಕೆ ಹಾಕಿದ ಅರ್ಜಿಗಳು, ರಿಕ್ರೂಟರ್‌ಗಳ ಜೊತೆಗಿನ ಇಮೇಲ್, ಇಂಟರ್‌ವ್ಯೂ ದಿನಾಂಕ. ಮಗಳ ಡೇಕೇರ್‌ಗೆ ವಿಚಾರಿಸಿದ ಇಮೇಲ್, ಸಾಮಾನು ಸಾಗಿಸುವವರ ಕೊಟೇಶನ್. ಕಡೆಯದಾಗಿ, ಇಲ್ಲಿಂದ ಬಿಡಿಸಿಕೊಳ್ಳುತ್ತಿರುವುದರ ಗುರುತು: ಬಾಡಿಗೆ ಮನೆಯಾದರೆ ಖಾಲಿ ಮಾಡುವ ನೋಟೀಸು, ಕಂಪನಿಗೆ ಬರೆದ ಪತ್ರ.

ಇವುಗಳಲ್ಲಿ ಅರ್ಧದಷ್ಟು ಇಂಟರ್‌ವ್ಯೂ ಹಿಂದಿನ ವಾರ ಹುಟ್ಟಿದ್ದರೆ ಅಧಿಕಾರಿಗೆ ತಕ್ಷಣ ಗೊತ್ತಾಗುತ್ತದೆ. ದಿನಾಂಕಗಳು ಹರಡಿಕೊಂಡಿರಬೇಕು. ಅದಕ್ಕೇ ಐ-130 ಹಾಕಿದ ತಿಂಗಳಿಂದಲೇ ಈ ಫೈಲು ಶುರು ಮಾಡಿ ಎನ್ನುತ್ತೇನೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಯಾವುದು ಎಂದರೆ ನೀವೇ ಮುಂಚೆ ಹೋಗಿ ನೆಲೆಯೂರುವುದು. ಎನ್‌ವಿಸಿಯಲ್ಲಿ ಫೈಲು ಪೂರ್ತಿಯಾದ ಹೊತ್ತಿಗೆ ಹೋಗಿ, ಕೆಲಸ ಹಿಡಿದು, ಒಂದೆರಡು ಪೇ ಸ್ಲಿಪ್ ಬಂದರೆ ಡೊಮಿಸೈಲ್, ಆದಾಯ ಎರಡೂ ಒಂದೇ ಏಟಿಗೆ ಮುಗಿಯುತ್ತವೆ. ಆದರೆ ಕೈಗೂಸು, ಕಾಯಿಲೆಯ ಅಪ್ಪ ಇರುವ ಮನೆಯಲ್ಲಿ ಇದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ. ಕಾಗದದ ಫೈಲು ಚೆನ್ನಾಗಿದ್ದರೆ ಮೂವರೂ ಒಟ್ಟಿಗೇ ಹೋಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನು ಒಟ್ಟಿಗೆ ಹೋಗುವುದಕ್ಕೇ ತಯಾರಿ ಮಾಡುತ್ತಿದ್ದೆ.

ಆದಾಯದ ಲೆಕ್ಕಕ್ಕೆ ಬರೋಣ. ಅಮೆರಿಕ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನದ ಮಿತಿಯ ಶೇಕಡ 125 ರಷ್ಟು ಆದಾಯ ಬೇಕು. ನಿಮ್ಮ ಮನೆಯ ಲೆಕ್ಕ ಮೂರು ಜನ: ನೀವು, ಹೆಂಡತಿ, ಮಗಳು. ಮಗಳು ಅಮೆರಿಕದ ಪ್ರಜೆಯಾದರೂ ಲೆಕ್ಕಕ್ಕೆ ಸೇರುತ್ತಾಳೆ. 2025 ರ ಪಟ್ಟಿಯಲ್ಲಿ ಮೂವರಿಗೆ ಇದು 33,312 ಡಾಲರ್. ಬೆಂಗಳೂರು ಕಂಪನಿಯ ಸಂಬಳ ಅದಕ್ಕಿಂತ ಜಾಸ್ತಿ ಇದ್ದರೂ, ನೀವು ಇಲ್ಲಿಂದ ಹೊರಟ ಮೇಲೆ ನಿಂತುಹೋಗುವ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಅದೇ ಕಂಪನಿ ನಿಮ್ಮನ್ನು ಅಮೆರಿಕದಿಂದಲೂ ಕೆಲಸ ಮಾಡಲು ಬಿಟ್ಟು, ಅದನ್ನು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಬರುತ್ತದೆ. ಹೇಗೂ ಮನೆಯಿಂದಲೇ ಕೆಲಸ ಎನ್ನುತ್ತೀರಿ, ಒಮ್ಮೆ ಕೇಳಿ ನೋಡಿ.

ಆದಾಯ ಇಲ್ಲದಿದ್ದರೆ ಆಸ್ತಿ ತೋರಿಸಬಹುದು. ಪ್ರಜೆಯ ಹೆಂಡತಿಯ ಕೇಸಿನಲ್ಲಿ ಕೊರತೆಯ ಮೂರು ಪಟ್ಟು ಸಾಕು. ಎಂದರೆ ಪೂರ್ತಿ ಕೊರತೆಗೆ ಸುಮಾರು ಒಂದು ಲಕ್ಷ ಡಾಲರ್. ಎಫ್‌ಡಿ, ಶೇರು ನಡೆಯುತ್ತವೆ. ನಿಮ್ಮ ಹೆಸರಿನ ಸೈಟು, ಮನೆ ಕೂಡ ನಡೆಯುತ್ತದೆ, ಆದರೆ ವರ್ಷದೊಳಗೆ ಮಾರಿ ದುಡ್ಡನ್ನು ಅಲ್ಲಿಗೆ ಒಯ್ಯಬಹುದು ಎಂದು ತೋರಿಸಬೇಕು. ನಿಮ್ಮ ಹೆಂಡತಿಯ ಹೆಸರಿನ ಆಸ್ತಿಯೂ ಸೇರುತ್ತದೆ. ಅಪ್ಪನ ಹೆಸರಿನಲ್ಲಿರುವ ಮನೆ, 'ಮುಂದೆ ನನಗೇ ಬರುವುದು' ಎನ್ನುವ ಮನೆ, ಸೇರುವುದಿಲ್ಲ.

ಇವೆರಡೂ ಆಗದಿದ್ದರೆ ಅಣ್ಣ. ಅವರು ಅಲ್ಲಿನ ಪ್ರಜೆ, ಅಲ್ಲೇ ವಾಸ, ಆದ್ದರಿಂದ ಜಂಟಿ ಸ್ಪಾನ್ಸರ್ ಆಗಬಹುದು. ಅವರ ಮನೆಯಲ್ಲಿ ನಾಲ್ವರಿದ್ದರೆ ನಿಮ್ಮ ಹೆಂಡತಿ ಐದನೆಯವರಾಗಿ ಸೇರುತ್ತಾರೆ. 2025 ರ ಲೆಕ್ಕದಲ್ಲಿ ಐವರಿಗೆ 47,062 ಡಾಲರ್. ಆದರೆ ಸೈನ್ ಹಾಕಿಸುವ ಮೊದಲು ಅಣ್ಣನಿಗೂ ಅತ್ತಿಗೆಗೂ ಒಂದು ಮಾತು ಬಿಡಿಸಿ ಹೇಳಿ. ಇದು ಪರಿಚಯ ಪತ್ರ ಅಲ್ಲ, ಕಾನೂನಿನ ಕರಾರು. ನಿಮ್ಮ ಹೆಂಡತಿ ಅಮೆರಿಕದ ಪ್ರಜೆಯಾಗುವವರೆಗೆ, ಅಥವಾ ಅಲ್ಲಿ 40 ತ್ರೈಮಾಸಿಕದ ದುಡಿಮೆ ಲೆಕ್ಕಕ್ಕೆ ಬರುವವರೆಗೆ, ಅಥವಾ ದೇಶ ಬಿಟ್ಟು ಖಾಯಮ್ಮಾಗಿ ಹೊರಡುವವರೆಗೆ ಅದು ಜಾರಿಯಲ್ಲಿರುತ್ತದೆ. ವಿಚ್ಛೇದನವಾದರೂ ಹೋಗುವುದಿಲ್ಲ. ಹಬ್ಬಕ್ಕೆ ಫೋನ್ ಮಾಡಿದಾಗ 'ಹಾಕ್ತೀನಿ ಬಿಡೋ' ಎಂದ ಮಾತನ್ನೇ ಒಪ್ಪಿಗೆ ಎಂದುಕೊಳ್ಳಬೇಡಿ.

ಇನ್ನು ಟ್ಯಾಕ್ಸ್. ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ, ಆದಾಯ ಮಿತಿ ದಾಟಿದ್ದರೆ ಅಲ್ಲಿ ರಿಟರ್ನ್ ಸಲ್ಲಿಸಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಜಾ ಸಿಗುತ್ತದೆ, ಹೊರದೇಶದ ದುಡಿಮೆಗೆ ವಿನಾಯಿತಿಯೂ ಇದೆ. ಹಾಗಾಗಿ ಕಟ್ಟಬೇಕಾದ್ದು ಬಹಳ ಸಲ ಸೊನ್ನೆಯೇ. ಆದರೆ ಸೊನ್ನೆ ಎಂದು ಹೇಳುವುದಕ್ಕೂ ರಿಟರ್ನ್ ಬೇಕು. ಐ-864 ರಲ್ಲಿ ಇತ್ತೀಚಿನ ವರ್ಷದ ರಿಟರ್ನ್ ಕೇಳುತ್ತಾರೆ. ಅದಿಲ್ಲದಿದ್ದರೆ ಆದಾಯವೂ ಸಾಬೀತಾಗುವುದಿಲ್ಲ, ಅಮೆರಿಕದ ಜೊತೆ ನಂಟು ಉಳಿಸಿಕೊಂಡಿದ್ದೇನೆ ಎಂಬ ಡೊಮಿಸೈಲ್ ಮಾತೂ ಸಡಿಲವಾಗುತ್ತದೆ.

ಗೊತ್ತಿಲ್ಲದೆ ಬಿಟ್ಟವರಿಗೆ ಅಲ್ಲಿನ ತೆರಿಗೆ ಇಲಾಖೆಯೇ ಒಂದು ಸರಳ ದಾರಿ ಇಟ್ಟಿದೆ. ಹೊರದೇಶದಲ್ಲಿ ಇರುವವರ ಸ್ಟ್ರೀಮ್‌ಲೈನ್ಡ್ ವ್ಯವಸ್ಥೆ ಎನ್ನುತ್ತಾರೆ. ಹಿಂದಿನ ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಿಎಆರ್, ಬೇಕೆಂದೇ ಬಿಟ್ಟದ್ದಲ್ಲ ಎಂಬ ಹೇಳಿಕೆ. ಅರ್ಹರಾದರೆ ದಂಡ ಇಲ್ಲ. ಎಫ್‌ಬಿಎಆರ್ ಎಂದರೆ ಅಮೆರಿಕದ ಹೊರಗಿನ ಬ್ಯಾಂಕ್ ಖಾತೆಗಳ ವರದಿ. ಎಲ್ಲ ಖಾತೆ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಕೊಡಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಇದರಲ್ಲಿ ಬರುತ್ತದೆ, ಅದನ್ನು ಮರೆಯುವವರೇ ಎಲ್ಲ. ಇಲ್ಲಿನ ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ ಮಾಡಿದ್ದರೆ ಅದಕ್ಕೆ ಬೇರೆಯೇ ಒಂದು ತಲೆನೋವಿನ ಫಾರಂ ಇದೆ. ಈ ಭಾಗಕ್ಕೆ ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಹಿಡಿಯಿರಿ. ವೀಸಾ ವಕೀಲರಿಗೆ ಕೊಡುವ ದುಡ್ಡಿಗಿಂತ ಇವರಿಗೆ ಕೊಡುವ ದುಡ್ಡು ನಿಮ್ಮ ಕೇಸಿನಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಟೂರಿಸ್ಟ್ ವೀಸಾ ಯಾಕೆ ಬೇಡ ಎಂದರೆ, ಆ ಫಾರಮ್ಮಿನಲ್ಲೇ ಒಂದು ಪ್ರಶ್ನೆ ಇದೆ: ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ? ಹೌದು ಎಂದರೆ ವಾಪಸ್ ಬರುತ್ತೀರಿ ಎಂದು ನಂಬಿಸುವುದು ಕಷ್ಟ. ಇಲ್ಲ ಎಂದರೆ ಸುಳ್ಳು. ಹಳೆಯ ಟೂರಿಸ್ಟ್ ವೀಸಾ ಇದ್ದು, ಅಲ್ಲೇ ಉಳಿಯುವ ಉದ್ದೇಶ ಮುಚ್ಚಿಟ್ಟು ಒಳಗೆ ಹೋದರೂ ಅದೇ ಕಥೆ. ಸುಳ್ಳು ಹೇಳಿ ಪ್ರವೇಶ ಪಡೆದರು ಎಂದು ಒಮ್ಮೆ ದಾಖಲಾದರೆ ಜೀವಮಾನದ ನಿಷೇಧ. ಅದನ್ನು ಮನ್ನಾ ಮಾಡಿಸಿಕೊಳ್ಳಲು ಇನ್ನೊಂದು ಅರ್ಜಿ, ಇನ್ನಷ್ಟು ವರ್ಷ. ಯಾರದೋ ಕೇಸಿನಲ್ಲಿ ನಡೆದುಹೋಗಿರಬಹುದು. ನಿಮ್ಮ ಮನೆಯವರ ಮೇಲೆ ಪ್ರಯೋಗ ಬೇಡ.

ಮಗಳಿಗೆ ವೀಸಾ ಅರ್ಜಿಯೇ ಬೇಕಿಲ್ಲ. ಪ್ರಜೆಯಾದ ತಂದೆ, ಮಗು ಹುಟ್ಟುವ ಮೊದಲು ಐದು ವರ್ಷ ಅಮೆರಿಕದಲ್ಲಿ ಇದ್ದು, ಅದರಲ್ಲಿ ಎರಡು ವರ್ಷ ಅವರಿಗೆ 14 ತುಂಬಿದ ನಂತರದ್ದಾಗಿದ್ದರೆ ಮಗು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಪೌರತ್ವ ಸಿಗುವ ಮೊದಲಿನ ವಾಸವೂ ಸೇರುತ್ತದೆ, ನಿಮ್ಮದು ಧಾರಾಳವಾಗಿ ಇದೆ. ವಿದೇಶದಲ್ಲಿ ಹುಟ್ಟಿದ ಪ್ರಜೆಯ ಜನನ ವರದಿಯನ್ನು ಚೆನ್ನೈ ಕಾನ್ಸುಲೇಟಿನಲ್ಲಿ ಮಾಡಿಸಿ, ಪಾಸ್‌ಪೋರ್ಟ್ ತೆಗೆದುಕೊಳ್ಳಬೇಕು. 2025 ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ವೀಸಾ ಸೇವೆಯನ್ನು ಕೂಡಲೇ ಶುರು ಮಾಡಲಿಲ್ಲ, ಬೋರ್ಡ್ ನೋಡಿ ಅಲ್ಲಿಗೆ ಹೋಗಿ ನಿಲ್ಲಬೇಡಿ. ನಿಮ್ಮ ಹಳೆಯ ಪಾಸ್‌ಪೋರ್ಟುಗಳು, ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟ್, ಡಬ್ಲ್ಯು-2 (ಅಲ್ಲಿನ ಕಂಪನಿ ಕೊಡುವ ವರ್ಷದ ಸಂಬಳದ ಚೀಟಿ) ಗಳನ್ನು ಹುಡುಕಿಡಿ, ನಿಮ್ಮ ವಾಸ ತೋರಿಸಲು ಅವೇ ಬೇಕು.

ಹೆಂಡತಿಯ ದಾಖಲೆಗಳಲ್ಲಿ ನಮ್ಮ ಕಡೆಯವರಿಗೆ ಕಾಡುವುದು ಹೆಸರು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ, ಯಾಕೆಂದರೆ ಆಸ್ಪತ್ರೆಯವರು ಬರೆದು ಕಳಿಸಿದಾಗ ನಾಮಕರಣವೇ ಆಗಿರಲಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಚ್ಚಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿವೆ. ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ಕಾಗುಣಿತ. ನಮಗೆ ಇದು ಸಹಜ, ಮುಂಬೈನಲ್ಲಿ ಫೈಲು ನೋಡುವವರಿಗೆ ನಾಲ್ಕು ಬೇರೆ ಬೇರೆ ಹೆಂಗಸರು. ಜನನ ಪತ್ರದಲ್ಲಿ ಹೆಸರು ಸೇರಿಸಲು ಈಗಲೇ ನೋಂದಣಿ ಮಾಡಿದ ಕಚೇರಿಯಲ್ಲಿ ಅರ್ಜಿ ಕೊಡಿ. ಉಳಿದದ್ದಕ್ಕೆ ಎಲ್ಲ ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ಡಿಎಸ್-260 ರಲ್ಲಿ ಬೇರೆ ಹೆಸರುಗಳ ಕಾಲಮ್ಮಿನಲ್ಲಿ ಅಷ್ಟನ್ನೂ ಬರೆಯಿರಿ.

ಛತ್ರದಲ್ಲಿ ನಡೆದ ಮದುವೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್ ಬೇಕು, ದೇವಸ್ಥಾನದ ರಸೀದಿ, ಲಗ್ನಪತ್ರಿಕೆ ಸಾಲದು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರೊಬ್ಬರು ಅನುವಾದಿಸಿ, ಪೂರ್ತಿ ಮತ್ತು ಸರಿಯಾಗಿದೆ, ಅನುವಾದಿಸುವಷ್ಟು ಎರಡೂ ಭಾಷೆ ನನಗೆ ಬರುತ್ತದೆ ಎಂದು ಬರೆದು ಸೈನ್ ಹಾಕಿದರೆ ಆಯಿತು. ಪುಟಕ್ಕಿಷ್ಟು ಎಂದು ಸಾವಿರಗಟ್ಟಲೆ ಕೊಡುವ ಅಗತ್ಯವಿಲ್ಲ. ಮದುವೆಯ ಸಾಕ್ಷಿಗೆ ಜಂಟಿ ಖಾತೆ, ವಿಮೆಯಲ್ಲಿ ನಾಮಿನಿ, ಮಗಳ ಜನನ ಪತ್ರ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ನಿಮ್ಮ ಹೆಸರು, ಒಂದಿಷ್ಟು ಫೋಟೋ ಸಾಕು. ಆಲ್ಬಮ್ ಮನೆಯಲ್ಲೇ ಇರಲಿ.

ಇಂಟರ್‌ವ್ಯೂ ನಿಮ್ಮ ಮನೆಯವರದು. ಕೌಂಟರಿನ ಮುಂದೆ ಅವರನ್ನೇ ಕೇಳುವುದು: ಗಂಡ ಭಾರತಕ್ಕೆ ಯಾವಾಗ ಬಂದರು, ಯಾಕೆ ಬಂದರು, ಅಲ್ಲಿ ಎಲ್ಲಿ ಇರುತ್ತೀರಿ, ಅವರು ಏನು ಕೆಲಸ ಮಾಡುತ್ತಾರೆ, ಸ್ಪಾನ್ಸರ್ ಯಾರು. 'ಅದೆಲ್ಲ ಅವರಿಗೇ ಗೊತ್ತು' ಎಂಬ ಉತ್ತರ ಬಂದರೆ ಒಳ್ಳೆಯ ಫೈಲೂ ಪೇಲವವಾಗುತ್ತದೆ. ಐ-864 ರ ಪ್ರತಿಯನ್ನು ಅವರೂ ಓದಿರಲಿ, ಅಣ್ಣನ ಮನೆಯ ಊರು, ಕೆಲಸ ಗೊತ್ತಿರಲಿ.

ಒಳಗೆ ಹೋಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಗ್ರೀನ್ ಕಾರ್ಡ್ ಬರುತ್ತದೆ. ತುಂಬದಿದ್ದರೆ ಎರಡು ವರ್ಷದ್ದು, ಅದು ಮುಗಿಯುವ ಮೊದಲಿನ 90 ದಿನದಲ್ಲಿ ಐ-751 ಎಂಬ ಇನ್ನೊಂದು ಅರ್ಜಿ ಹಾಕಬೇಕು. ನಿಮ್ಮ ಲೆಕ್ಕದಲ್ಲಿ ಎರಡು ವರ್ಷ ತಾನಾಗಿ ತುಂಬುವ ಸಾಧ್ಯತೆ ಹೆಚ್ಚು. ಕಾರ್ಡಿಗೆಂದು 235 ಡಾಲರ್ ಪ್ರತ್ಯೇಕ. ಅದು ಅಂಚೆಯಲ್ಲಿ ಬರುವುದು ಅಣ್ಣನ ವಿಳಾಸಕ್ಕೆ.

ಅಪ್ಪನ ಆರೋಗ್ಯ ಏರುಪೇರಾಗಿ ಪ್ರಯಾಣ ಮುಂದೆ ಹೋದರೆ ಏನು ಎಂಬ ಚಿಂತೆ ನಿಮಗಿರಬಹುದು. ಐ-130 ಮಂಜೂರಾದ ಮೇಲೆ ಫೈಲನ್ನು ಎನ್‌ವಿಸಿ ಹಂತದಲ್ಲಿ ನಿಧಾನಿಸಬಹುದು. ವರ್ಷಕ್ಕೊಮ್ಮೆಯಾದರೂ ಅವರ ಪೋರ್ಟಲಿಗೆ ಲಾಗಿನ್ ಆಗಿ ಅಥವಾ ಸಂದೇಶ ಕಳಿಸಿ ಸಂಪರ್ಕ ಉಳಿಸಿಕೊಂಡರೆ ಸಾಕು. ವರ್ಷವಿಡೀ ಸದ್ದೇ ಇಲ್ಲದಿದ್ದರೆ ಕೇಸ್ ಮುಚ್ಚುವ ಪ್ರಕ್ರಿಯೆ ಶುರುವಾಗುತ್ತದೆ. ವೀಸಾ ಕೈಗೆ ಬಂದ ಮೇಲೆ ಇಷ್ಟು ಸಲಿಗೆ ಇಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ, ವೀಸಾಕ್ಕೆಂದು ಮಾಡಿಸಿದ ಮೆಡಿಕಲ್ ತಪಾಸಣೆಯ ಅವಧಿ ಮುಗಿಯುವ ಮೊದಲು, ಹೋಗಬೇಕು. ನಿಧಾನಿಸುವುದಿದ್ದರೆ ಇಂಟರ್‌ವ್ಯೂಗೆ ಮೊದಲೇ ನಿಧಾನಿಸಿ.

ಪೊಲೀಸ್ ಸರ್ಟಿಫಿಕೇಟ್ ಬಗ್ಗೆ ಕಡೆಯದಾಗಿ. ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿಗೆ ಸಿಗುವ ಪಿಸಿಸಿಯನ್ನು ಈಗಲೇ ಮಾಡಿಸಬೇಡಿ, ಎರಡು ವರ್ಷಕ್ಕೆ ಅದು ಹಳತಾಗುತ್ತದೆ. ದುಬೈನದ್ದನ್ನು ಮಾತ್ರ ಈಗಲೇ ಶುರು ಮಾಡಿ. ನಿಮ್ಮ ಮನೆಯವರು ಅಲ್ಲಿ ವರ್ಷಕ್ಕಿಂತ ಜಾಸ್ತಿ ಇದ್ದದ್ದರಿಂದ ಅದೂ ಬೇಕು, ಮತ್ತೆ ಅಲ್ಲಿಗೆ ಹೋಗದಿದ್ದರೆ ಅದಕ್ಕೆ ಅವಧಿಯ ಮಿತಿಯೂ ಇಲ್ಲ. ಹಳೆಯ ಎಮಿರೇಟ್ಸ್ ಐಡಿಯ ಪ್ರತಿ, ವೀಸಾ ಪುಟ ಎಲ್ಲಿದೆ ಎಂದು ಇವತ್ತೇ ಹುಡುಕಲು ಹೇಳಿ.